ಡೀಸೆಲ್ ಬಿದ್ದ ಮಣ್ಣನ್ನು ಸೂಕ್ಷ್ಮಜೀವಿಗಳಿಂದ ಶುದ್ಧ ಮಾಡುವುದು: ಗಾಳಿ, ಪಿಎಚ್, ಹಸಿ, ಗೊಬ್ಬರ ಯಾವ ಕ್ರಮದಲ್ಲಿ?

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಪುಡಿ ತಂದರು, ಮಣ್ಣಿಗೆ ಸುರಿದರು, ಮೇಲೆ ಧಾರಾಳವಾಗಿ ನೀರು ಹೊಡೆದರು. ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಡೀಸೆಲ್ ಹೆಚ್ಚುಕಡಿಮೆ ಇದ್ದಷ್ಟೇ ಇದೆ. ಓದುಗರು ಬರೆಯುವ ಸೋಲಿನ ಕಥೆಗಳಲ್ಲಿ ಬಹುಪಾಲು ಇದೇ.

ಇದರಲ್ಲಿ ಬ್ಯಾಕ್ಟೀರಿಯಾದ ತಪ್ಪು ತೀರಾ ಕಡಿಮೆ. ಸೂಡೋಮೊನಾಸ್, ರೋಡೋಕಾಕಸ್, ಅಸಿನೆಟೋಬ್ಯಾಕ್ಟರ್‌ನಂತಹ ಎಣ್ಣೆ ತಿನ್ನುವ ಜೀವಿಗಳು ಸಾಮಾನ್ಯವಾಗಿ ಎಲ್ಲಾ ಮಣ್ಣಿನಲ್ಲೂ ಮೊದಲೇ ಇರುತ್ತವೆ. ಎಣ್ಣೆ ಬಿದ್ದ ಮೇಲೆ ಅವುಗಳ ಸಂಖ್ಯೆ ತಾನಾಗಿ ಏರುತ್ತದೆ ಕೂಡ. ಆದರೆ ಉಸಿರಾಡಲು ಗಾಳಿ ಸಾಲದು, ಸಾರಜನಕ ಸಾಲದು, ಮಣ್ಣು ಒಣಗಿರುತ್ತದೆ ಇಲ್ಲವೇ ಕೆಸರಾಗಿರುತ್ತದೆ. ಹಾಗಾಗಿ ಅವು ಸುಮ್ನೆ ಕೂರುತ್ತವೆ. ನಮ್ಮ ಕೆಲಸ ಏನಿದ್ದರೂ ಆ ಕೊರತೆಗಳನ್ನು ಸರಿಯಾದ ಕ್ರಮದಲ್ಲಿ ತುಂಬುವುದು.

ಈ ಮಾರ್ಗದರ್ಶಿ ಡೀಸೆಲ್, ಸೀಮೆಎಣ್ಣೆ, ಹಗುರ ಎಂಜಿನ್ ಆಯಿಲ್ ಬಿದ್ದ ಮಣ್ಣನ್ನು ಅಗೆದು, ಹರಡಿ, ಶುದ್ಧ ಮಾಡುವವರಿಗೆ. ಅಂತರ್ಜಲಕ್ಕೆ ಇಳಿದ ಮಾಲಿನ್ಯಕ್ಕೆ ಇದು ಸಾಲದು. ಎಣ್ಣೆ ಬಿದ್ದ ಮಣ್ಣನ್ನು ಅಗೆಯಲು, ಸಾಗಿಸಲು ಹೆಚ್ಚಿನ ಕಡೆ ಅನುಮತಿ ಬೇಕು. ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

## ಬೇಕಾಗುವ ಸಾಮಾನು

ದಪ್ಪ ಪ್ಲಾಸ್ಟಿಕ್ ಹಾಳೆ, ಟಾರ್ಪಾಲು, ಗುದ್ದಲಿ, ಸಲಿಕೆ. ಜಾಗ ದೊಡ್ಡದಿದ್ದರೆ ರೋಟವೇಟರ್. ಪಿಎಚ್ (ಮಣ್ಣಿನ ಆಮ್ಲ-ಕ್ಷಾರ ಗುಣ) ಅಳೆಯುವ ಮೀಟರ್, ಉದ್ದ ಕಡ್ಡಿಯ ಥರ್ಮಾಮೀಟರ್, ತಕ್ಕಡಿ, ತೂತು ಕೊರೆದ ಪಿವಿಸಿ ಪೈಪಿನ ತುಂಡುಗಳು. ಮಣ್ಣಿನೊಳಗಿನ ಆಮ್ಲಜನಕ ಅಳೆಯುವ ಮೀಟರ್ ಬಾಡಿಗೆಗೆ ಸಿಕ್ಕರೆ ಖಂಡಿತ ತನ್ನಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ವಿಷಯ ತಿಳಿಸುವ ಸಾಧನ ಅದೇ.

ಕೈಗವಸು, ಬೂಟು ಕಡ್ಡಾಯ. ಧೂಳು ತಡೆಯುವ ಬಟ್ಟೆಯ ಮಾಸ್ಕ್ ಎಣ್ಣೆಯ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಹತ್ತಿರ ಬೆಂಕಿ, ಕಿಡಿ ಯಾವುದೂ ಬೇಡ.

## ಹಂತ 1: ಸೋರಿಕೆ ನಿಲ್ಲಿಸಿ, ಬಿದ್ದಿರುವುದು ಏನೆಂದು ತಿಳಿಯಿರಿ

ಟ್ಯಾಂಕ್ ಇನ್ನೂ ತೊಟ್ಟಿಕ್ಕುತ್ತಿದ್ದರೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ. ಮೇಲೆ ನಿಂತ ಎಣ್ಣೆಯನ್ನು ಹೀರಿ ತೆಗೆಯಿರಿ. ಸೂಕ್ಷ್ಮಜೀವಿಗಳು ಮಣ್ಣಿಗೆ ಅಂಟಿದ ಎಣ್ಣೆಯನ್ನು ತಿನ್ನುತ್ತವೆ, ನಿಂತ ಎಣ್ಣೆಯ ಕೊಳವನ್ನಲ್ಲ.

ನಂತರ ಬಿದ್ದಿರುವುದು ಏನು ಎಂದು ಖಚಿತ ಮಾಡಿಕೊಳ್ಳಿ. ಎಣ್ಣೆಯಲ್ಲಿರುವ ಇಂಗಾಲ-ಜಲಜನಕದ ಅಣುಗಳಲ್ಲಿ, ಅಂದರೆ ಹೈಡ್ರೋಕಾರ್ಬನ್‌ಗಳಲ್ಲಿ, ನೇರ ಸರಪಳಿಯವು ಬೇಗ ಒಡೆಯುತ್ತವೆ. ಕವಲು ಇರುವವು ನಿಧಾನ. ನಾಲ್ಕೈದು ಉಂಗುರಗಳಿರುವ ಆರೊಮ್ಯಾಟಿಕ್‌ಗಳು, ಅಂದರೆ ಡಾಂಬರು, ಹಳೆಯ ಭಾರಿ ಎಣ್ಣೆಯಲ್ಲಿ ಇರುವಂಥವು, ತುಂಬಾ ನಿಧಾನ. ಸೀಸ, ಕ್ಯಾಡ್ಮಿಯಂನಂತಹ ಲೋಹಗಳನ್ನು ಯಾವ ಜೀವಿಯೂ ಒಡೆಯಲಾರದು. ರೂಪ ಬದಲಾಗಬಹುದು, ಲೋಹ ಉಳಿದೇ ಉಳಿಯುತ್ತದೆ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಟ್ರೈಕ್ಲೋರೋಎಥಿಲೀನ್, ಪರ್‌ಕ್ಲೋರೋಎಥಿಲೀನ್‌ನಂತಹ ಕ್ಲೋರಿನ್ ಇರುವ ದ್ರಾವಕ ಬಿದ್ದಿದ್ದರೆ ಈ ಮಾರ್ಗದರ್ಶಿಯನ್ನು ಇಲ್ಲಿಗೇ ನಿಲ್ಲಿಸಿ. ಅವುಗಳನ್ನು ಒಡೆಯುವ ಡಿಹ್ಯಾಲೋಕಾಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವೇ ವಿಷ. ಆ ಕೆಲಸ ಅರ್ಧಕ್ಕೆ ನಿಂತರೆ ವಿನೈಲ್ ಕ್ಲೋರೈಡ್ ಉಳಿಯುತ್ತದೆ, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತು. ಅಂಥ ಜಾಗವನ್ನು ಪರಿಣತರಿಗೇ ಬಿಡಿ.

## ಹಂತ 2: ಮಾದರಿ ತೆಗೆದು ಪರೀಕ್ಷೆಗೆ ಕಳಿಸಿ

ಒಂದೇ ಕಡೆ ಒಂದು ಹಿಡಿ ಮಣ್ಣು ತೆಗೆದರೆ ಏನೂ ಗೊತ್ತಾಗುವುದಿಲ್ಲ. ಎಣ್ಣೆ ಎಂದೂ ಸಮನಾಗಿ ಹರಡಿರುವುದಿಲ್ಲ. ಜಾಗವನ್ನು ಚೌಕಗಳಾಗಿ ಗುರುತು ಮಾಡಿ, ಪ್ರತಿ ಚೌಕದಲ್ಲೂ ಬೇರೆ ಬೇರೆ ಆಳದಿಂದ ತೆಗೆಯಿರಿ. ಗಾಜಿನ ಬಾಟಲಿಯನ್ನು ಬಾಯಿತನಕ ತುಂಬಿ, ಬಿಗಿಯಾಗಿ ಮುಚ್ಚಿ, 4 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ತಂಪಾಗಿಟ್ಟು ಕಳಿಸಿ. ಪೆಟ್ರೋಲ್‌ನಂತಹ ಆರಿಹೋಗುವ ಎಣ್ಣೆಯ ಮಾದರಿಗಳನ್ನು ಬಕೆಟ್ಟಿನಲ್ಲಿ ಕಲಸಬೇಡಿ. ಕಲಸುವಾಗಲೇ ಅರ್ಧ ಹಾರಿಹೋಗುತ್ತದೆ.

ಪ್ರಯೋಗಾಲಯಕ್ಕೆ ಇಷ್ಟನ್ನು ಕೇಳಿ: ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ (ಟಿಪಿಎಚ್), ಪಿಎಚ್, ತೇವಾಂಶ, ಒಟ್ಟು ಸಾರಜನಕ, ಲಭ್ಯ ರಂಜಕ, ಉಪ್ಪಿನಂಶ, ಭಾರಲೋಹ, ಜೀವಂತ ಬ್ಯಾಕ್ಟೀರಿಯಾ ಎಣಿಕೆ.

ಫಲಿತಾಂಶ ಬಂದಾಗ ಮೂರು ಎಚ್ಚರಿಕೆ ಗಂಟೆ ನೋಡಿಕೊಳ್ಳಿ. ಟಿಪಿಎಚ್ ಕಿಲೋಗೆ 50,000 ಮಿ.ಗ್ರಾಂ ದಾಟಿದ್ದರೆ ಎಣ್ಣೆಯೇ ಜೀವಿಗಳನ್ನು ಕೊಲ್ಲಬಹುದು, ಕಡಿಮೆ ಎಣ್ಣೆಯ ಮಣ್ಣು ಬೆರೆಸಿ ಇಳಿಸಬೇಕು. ಭಾರಲೋಹಗಳ ಮೊತ್ತ ಕಿಲೋಗೆ 2,500 ಮಿ.ಗ್ರಾಂ ದಾಟಿದರೂ ಅದೇ ತೊಂದರೆ. ಬ್ಯಾಕ್ಟೀರಿಯಾ ಎಣಿಕೆ ಒಂದು ಗ್ರಾಂ ಮಣ್ಣಿಗೆ 1,000ಕ್ಕಿಂತ ಕಡಿಮೆ ಇದ್ದರೆ ಆ ಮಣ್ಣಿನಲ್ಲಿ ಆಮ್ಲಜನಕ, ಪೋಷಕಾಂಶಗಳ ಕೊರತೆ ಇರಬಹುದು ಇಲ್ಲವೇ ಏನೋ ವಿಷ ಇರಬಹುದು. ಅದೇನು ಎಂದು ಹುಡುಕದೆ ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಹಾಕಿದರೆ ಅವೂ ಸಾಯುತ್ತವೆ, ಅಲ್ವಾ?

## ಹಂತ 3: ಕುಂಡದಲ್ಲಿ ಸಣ್ಣ ಪ್ರಯೋಗ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಒಂದೇ ಮಣ್ಣನ್ನು ಚೆನ್ನಾಗಿ ಬೆರೆಸಿ ನಾಲ್ಕು ಕುಂಡ ಮಾಡಿ. ಮೊದಲನೆಯದನ್ನು ಮುಟ್ಟಬೇಡಿ. ಎರಡನೆಯದಕ್ಕೆ ಹದವಾದ ನೀರು ಮತ್ತು ವಾರಕ್ಕೊಮ್ಮೆ ಕೆದಕುವುದು. ಮೂರನೆಯದಕ್ಕೆ ಅದರ ಜೊತೆ ಗೊಬ್ಬರ. ನಾಲ್ಕನೆಯದಕ್ಕೆ ಇದೆಲ್ಲದರ ಮೇಲೆ ನೀವು ಕೊಳ್ಳಬೇಕೆಂದಿರುವ ಬ್ಯಾಕ್ಟೀರಿಯಾ ಪುಡಿ. ಆರರಿಂದ ಎಂಟು ವಾರ ಬಿಟ್ಟು ಎಲ್ಲದರ ಟಿಪಿಎಚ್ ನೋಡಿ.

ಮೂರು ಮತ್ತು ನಾಲ್ಕರ ನಡುವೆ ವ್ಯತ್ಯಾಸ ಇಲ್ಲದಿದ್ದರೆ ಪುಡಿಯ ದುಡ್ಡು ಉಳಿಯಿತು. ಹೆಚ್ಚಿನ ಸಲ ಹೀಗೇ ಆಗುತ್ತದೆ. ಹೊರಗಿನಿಂದ ಬಂದ ಜೀವಿ ಸ್ಥಳೀಯ ಜೀವಿಗಳ ಜೊತೆ ಪೈಪೋಟಿಯಲ್ಲಿ ಸೋಲುತ್ತದೆ. ಎರಡು ಮತ್ತು ಮೂರು ಒಂದೇ ಸಮ ಬಂದರೆ ಗೊಬ್ಬರವೂ ಬೇಕಿಲ್ಲ. ಕೆದಕಿದ ಕುಂಡಗಳಿಂದ ಒಂದಷ್ಟು ಎಣ್ಣೆ ಸುಮ್ನೆ ಆವಿಯಾಗಿಯೂ ಹೋಗಿರುತ್ತದೆ. ಸಾಧ್ಯವಾದರೆ ಪ್ರಯೋಗಾಲಯದಲ್ಲಿ ಜೀವಿಗಳನ್ನು ಕೊಂದ ಮಣ್ಣಿನ ಐದನೆಯ ಕುಂಡವನ್ನೂ ಕೆದಕಿ ನೋಡಿ. ಅದರಲ್ಲಿ ಕಮ್ಮಿಯಾದದ್ದೆಲ್ಲ ಗಾಳಿಗೆ ಹೋದದ್ದು.

## ಹಂತ 4: ಹಾಸು ಹಾಕುವುದು, ಗಾಳಿಗೆ ದಾರಿ ಮಾಡುವುದು

ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಬದು ಕಟ್ಟಿ, ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಬಸಿದ ನೀರು ಒಂದು ಗುಂಡಿಯಲ್ಲಿ ಸೇರಬೇಕು, ಹೊರಗೆ ಹರಿಯಬಾರದು. ಅದರ ಮೇಲೆ ಮಣ್ಣನ್ನು 30ರಿಂದ 45 ಸೆಂ.ಮೀ. ದಪ್ಪಕ್ಕೆ ಹರಡಿ. ಇದಕ್ಕಿಂತ ದಪ್ಪವಾದರೆ ರೋಟವೇಟರ್ ತಳ ಮುಟ್ಟುವುದಿಲ್ಲ. ಜಾಗ ಸಾಲದೆ ರಾಶಿ ಹಾಕಲೇಬೇಕಾದರೆ ಒಳಗೆ ತೂತಿನ ಪೈಪುಗಳನ್ನಿಟ್ಟು ಬ್ಲೋವರ್‌ನಿಂದ ಗಾಳಿ ಎಳೆಯಬೇಕಾಗುತ್ತದೆ.

ಗಾಳಿಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಒಂದು ಘನ ಮೀಟರ್ ಮಣ್ಣು ಸುಮಾರು 1,500 ಕಿಲೋ. ಟಿಪಿಎಚ್ ಕಿಲೋಗೆ 5,000 ಮಿ.ಗ್ರಾಂ ಇದ್ದರೆ ಅದರಲ್ಲಿ 7.5 ಕಿಲೋ ಎಣ್ಣೆ ಇದೆ. ಒಂದು ಕಿಲೋ ಎಣ್ಣೆ ಪೂರ್ತಿಯಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು ಸುಮಾರು 3.5 ಕಿಲೋ ಆಮ್ಲಜನಕ ಬೇಕು. ಅಂದರೆ ಒಟ್ಟು 26 ಕಿಲೋ. ಇಷ್ಟು ಆಮ್ಲಜನಕ ಸುಮಾರು 95 ಘನ ಮೀಟರ್ ಗಾಳಿಯಲ್ಲಿ ಸಿಗುತ್ತದೆ. ಅದನ್ನೇ ನೀರಿನಲ್ಲಿ ಕರಗಿಸಿ ಕೊಡಲು ಹೋದರೆ? ಒಂದು ಲೀಟರ್ ನೀರಿನಲ್ಲಿ ಕರಗುವುದು ಹೆಚ್ಚೆಂದರೆ 8 ಮಿ.ಗ್ರಾಂ ಆಸುಪಾಸು. 30 ಲಕ್ಷ ಲೀಟರ್‌ಗೂ ಜಾಸ್ತಿ ನೀರು ಬೇಕಾಗುತ್ತದೆ! ಮಣ್ಣನ್ನು ನೀರಿನಲ್ಲಿ ಮುಳುಗಿಸಿದವರ ಕೆಲಸ ಯಾಕೆ ನಿಲ್ಲುತ್ತದೆ ಎಂಬುದು ಈ ಒಂದು ಲೆಕ್ಕದಲ್ಲೇ ಇದೆ.

ಜಿಗುಟು ಮಣ್ಣಾದರೆ ಗಾಳಿ ಆಡುವುದಿಲ್ಲ. ಮರದ ಚೂರು, ಕತ್ತರಿಸಿದ ಒಣಹುಲ್ಲು ಬೆರೆಸಿ ಸಡಿಲ ಮಾಡಿ. ಹಸಿ ಮರದ ಹೊಟ್ಟು ಬೇಡ. ಅದು ಕೊಳೆಯುವಾಗ ಸಾರಜನಕವನ್ನು ತಾನೇ ಹಿಡಿದುಕೊಂಡು ಎಣ್ಣೆ ತಿನ್ನುವವರಿಗೆ ಉಳಿಸುವುದಿಲ್ಲ. ಹೀಗೆ ಬೆರೆಸಿದ ವಸ್ತುವಿನ ತೂಕ ಬರೆದಿಟ್ಟುಕೊಳ್ಳಿ. ನಾಲ್ಕು ಭಾಗ ಮಣ್ಣಿಗೆ ಒಂದು ಭಾಗ ಚೂರು ಸೇರಿಸಿದರೆ 5,000 ಇದ್ದ ಟಿಪಿಎಚ್ ಆ ಕ್ಷಣವೇ 4,000 ಎಂದು ತೋರಿಸುತ್ತದೆ. ಒಂದು ಹನಿ ಎಣ್ಣೆಯೂ ಕರಗಿರುವುದಿಲ್ಲ. ಬೆರೆಸಿದ ಮೇಲಿನ ಸಂಖ್ಯೆಯನ್ನೇ ಆರಂಭ ಎಂದು ಹಿಡಿಯಿರಿ.

ಹಾಸನ್ನು ಒಂದೆರಡು ವಾರಕ್ಕೊಮ್ಮೆ ಮಗುಚಿ. ದಿನಾ ಮಗುಚಿದರೆ ಮಣ್ಣು ಒಣಗುತ್ತದೆ, ಎಣ್ಣೆ ಆವಿಯಾಗಿ ಪಕ್ಕದವರ ಮೂಗಿಗೆ ಹೋಗುತ್ತದೆ. ತೇವ ಜಾಸ್ತಿ ಇರುವಾಗ ಮಗುಚಿದರೆ ಹೆಂಟೆ ಕಟ್ಟುತ್ತದೆ, ಹೆಂಟೆಯ ಒಳಗೆ ಗಾಳಿ ಹೋಗುವುದಿಲ್ಲ.

## ಹಂತ 5: ಪಿಎಚ್ ಸರಿಪಡಿಸುವುದು, ಗೊಬ್ಬರಕ್ಕಿಂತ ಮೊದಲು

ಎಣ್ಣೆ ತಿನ್ನುವ ಬಹುತೇಕ ಬ್ಯಾಕ್ಟೀರಿಯಾಗಳಿಗೆ ಪಿಎಚ್ 6ರಿಂದ 8 ಹಿತ. ಕಡಿಮೆ ಇದ್ದರೆ ಸುಣ್ಣದ ಕಲ್ಲಿನ ಪುಡಿ ಬೆರೆಸಿ. ಸುಟ್ಟ ಸುಣ್ಣ ಹಾಕಬೇಡಿ. ಅದು ನೀರು ತಾಗಿದಾಗ ಕುದಿಯುತ್ತದೆ, ಪಿಎಚ್ ಅನ್ನು 12ರ ತನಕ ಎತ್ತುತ್ತದೆ. ಇದ್ದಬದ್ದ ಜೀವಿಗಳೂ ಸಾಯುತ್ತವೆ. ಪಿಎಚ್ 8 ದಾಟಿದ್ದರೆ ಗಂಧಕದ ಪುಡಿ ಸ್ವಲ್ಪ ಸ್ವಲ್ಪ ಹಾಕಿ. ಅದು ಕೆಲಸ ಮಾಡಲು ವಾರಗಟ್ಟಲೆ ಬೇಕು, ಅವಸರ ಮಾಡಿ ಎರಡನೇ ಸಲ ಸುರಿಯಬೇಡಿ.

ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಹಾಕುವುದು ಪದೇ ಪದೇ ಕಾಣುವ ತಪ್ಪು. ಅಮೋನಿಯಂ ಇರುವ ಗೊಬ್ಬರಕ್ಕೆ ಸುಣ್ಣ ತಾಗಿದರೆ ಅಮೋನಿಯಾ ಅನಿಲವಾಗಿ ಸಾರಜನಕ ಹಾರಿಹೋಗುತ್ತದೆ. ರಂಜಕವೂ ಸುಣ್ಣದ ಜೊತೆ ಸೇರಿ ಕರಗದಂತಾಗುತ್ತದೆ. ಸುಣ್ಣ ಬೆರೆಸಿ, ಹಸಿ ಮಾಡಿ, ಒಂದೆರಡು ವಾರ ಬಿಟ್ಟು ಪಿಎಚ್ ಮತ್ತೆ ಅಳೆದು, ಆಮೇಲೆ ಗೊಬ್ಬರದ ಚೀಲ ಬಿಚ್ಚಿ.

## ಹಂತ 6: ನೀರಿನ ಹದ

ಒಣ ಮಣ್ಣಿನಲ್ಲಿ ಜೀವಿಗಳು ನಿದ್ದೆ ಹೋಗುತ್ತವೆ. ಕೆಸರಿನಲ್ಲಿ ಉಸಿರುಗಟ್ಟುತ್ತವೆ, ಯಾಕೆಂದರೆ ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣು ಹಿಡಿದಿಟ್ಟುಕೊಳ್ಳಬಲ್ಲ ನೀರಿನ 40ರಿಂದ 85 ಶೇಕಡಾ ಒಳಗೆ ಕೆಲಸ ನಡೆಯುತ್ತದೆ. ನೀವು 60ರ ಆಸುಪಾಸು ಗುರಿಯಿಟ್ಟುಕೊಳ್ಳಿ, ಎರಡೂ ಕಡೆ ಸ್ವಲ್ಪ ಏರುಪೇರಿಗೆ ಜಾಗ ಇರುತ್ತದೆ.

ಇದನ್ನು ಅಳೆಯುವುದು ಕಷ್ಟವಲ್ಲ. ತಳದಲ್ಲಿ ತೂತಿರುವ ಡಬ್ಬಿಗೆ ಮಣ್ಣು ತುಂಬಿ, ನೀರಿನಲ್ಲಿ ಪೂರ್ತಿ ನೆನೆಸಿ, ಮೇಲೆ ಮುಚ್ಚಿ ಒಂದು ದಿನ ಬಸಿಯಲು ಬಿಡಿ. ತೂಕ ನೋಡಿ. ಆಮೇಲೆ ಆ ಮಣ್ಣನ್ನು ಪ್ರಯೋಗಾಲಯದಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿಸಿ. ಎರಡರ ವ್ಯತ್ಯಾಸವೇ ಮಣ್ಣು ಹಿಡಿದಿದ್ದ ನೀರು. ಎಣ್ಣೆ ಮಣ್ಣನ್ನು ಅಡುಗೆಮನೆಯ ಒಲೆಯ ಮೇಲೆ ಒಣಗಿಸಬೇಡಿ, ಆವಿಗೆ ಬೆಂಕಿ ಹತ್ತಬಹುದು.

ದಿನನಿತ್ಯದ ಪರೀಕ್ಷೆಗೆ ಕೈ ಸಾಕು. ಕೈಗವಸು ಹಾಕಿ ಒಂದು ಹಿಡಿ ಮಣ್ಣನ್ನು ಗಟ್ಟಿಯಾಗಿ ಅದುಮಿ. ಚೆನ್ನಾಗಿ ಹಿಂಡಿದ ಬಟ್ಟೆಯಂತೆ ಒದ್ದೆ ಅನ್ನಿಸಬೇಕು, ಹನಿ ಬೀಳಬಾರದು. ಉಂಡೆ ನಿಂತು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಬೆರಳ ಸಂದಿಯಿಂದ ನೀರು ಇಳಿದರೆ ಜಾಸ್ತಿಯಾಯಿತು. ಉಂಡೆಯೇ ಕಟ್ಟದಿದ್ದರೆ ಕಡಿಮೆಯಾಯಿತು.

ಎಣ್ಣೆ ತುಂಬಾ ಹೊತ್ತು ಕುಡಿದ ಮಣ್ಣು ಒಣಗಿದರೆ ನೀರನ್ನೇ ಒಳಗೆ ಬಿಡುವುದಿಲ್ಲ. ಮೇಲೆ ನೀರು ಮುತ್ತಿನಂತೆ ಉರುಳಿ ಹೋಗುತ್ತದೆ. ಅಂಥ ಕಡೆ ಒಂದೇ ಸಲ ಜೋರಾಗಿ ಹೊಡೆಯದೆ, ಸಣ್ಣಗೆ ಚಿಮುಕಿಸಿ, ಮಗುಚಿ, ಮತ್ತೆ ಚಿಮುಕಿಸಿ. ಉಪ್ಪುನೀರು ಬಳಸಲೇಬೇಡಿ. ಮಳೆ ಬರುವಾಗ ಟಾರ್ಪಾಲು ಹೊದಿಸಿ.

## ಹಂತ 7: ಗೊಬ್ಬರದ ಲೆಕ್ಕ

ಎಣ್ಣೆಯಲ್ಲಿ ಇಂಗಾಲ ಧಾರಾಳ, ಸಾರಜನಕ ರಂಜಕ ಹೆಚ್ಚುಕಡಿಮೆ ಸೊನ್ನೆ. ಬ್ಯಾಕ್ಟೀರಿಯಾ ಬೆಳೆಯಲು ಮೂರೂ ಬೇಕು. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಅಲಾಸ್ಕಾದ ದಡಕ್ಕೆ ಬಡಿದಾಗ ಗೊಬ್ಬರ ಸಿಂಪಡಿಸಿಯೇ ಅಲ್ಲಿನ ಸ್ಥಳೀಯ ಜೀವಿಗಳ ಕೆಲಸವನ್ನು ಚುರುಕು ಮಾಡಿದ್ದು.

ಸಾಮಾನ್ಯವಾಗಿ ಬಳಸುವ ಅನುಪಾತ ಇಂಗಾಲ 100ಕ್ಕೆ ಸಾರಜನಕ 10, ರಂಜಕ 1. ಇದನ್ನು ಮೇಲಿನ ಮಿತಿ ಎಂದು ಹಿಡಿಯಿರಿ. ಎಷ್ಟೋ ಮಣ್ಣಿಗೆ ಇದಕ್ಕಿಂತ ತುಂಬಾ ಕಡಿಮೆ ಸಾಕು. ನಮ್ಮ ಒಂದು ಘನ ಮೀಟರ್ ಮಣ್ಣಿಗೇ ಲೆಕ್ಕ ಹಾಕೋಣ. 7.5 ಕಿಲೋ ಎಣ್ಣೆಯಲ್ಲಿ ಸುಮಾರು 85 ಶೇಕಡಾ ಇಂಗಾಲ, ಅಂದರೆ 6.4 ಕಿಲೋ. ಅದಕ್ಕೆ ಸಾರಜನಕ 640 ಗ್ರಾಂ, ರಂಜಕ 64 ಗ್ರಾಂ. ಡಿಎಪಿಯಲ್ಲಿ ರಂಜಕ ಸುಮಾರು 20 ಶೇಕಡಾ, ಸಾರಜನಕ 18 ಶೇಕಡಾ. ಹಾಗಾಗಿ 320 ಗ್ರಾಂ ಡಿಎಪಿ ರಂಜಕವನ್ನು ಪೂರೈಸುತ್ತದೆ, ಜೊತೆಗೆ 58 ಗ್ರಾಂ ಸಾರಜನಕವನ್ನೂ ಕೊಡುತ್ತದೆ. ಉಳಿದ 582 ಗ್ರಾಂ ಸಾರಜನಕಕ್ಕೆ 46 ಶೇಕಡಾದ ಯೂರಿಯಾ ಸುಮಾರು 1.27 ಕಿಲೋ. ಮಣ್ಣಿನಲ್ಲಿ ಮೊದಲೇ ಇರುವ ಲಭ್ಯ ಸಾರಜನಕ, ರಂಜಕವನ್ನು ಇದರಿಂದ ಕಳೆಯಲು ಮರೆಯಬೇಡಿ.

ಈಗ ಅತಿ ಮುಖ್ಯವಾದ ಮಾತು. ಇದನ್ನು ಒಂದೇ ಸಲ ಹಾಕಬೇಡಿ. ಈ ಮಣ್ಣಿನಲ್ಲಿ 15 ಶೇಕಡಾ ತೇವ ಇದ್ದರೆ ಒಟ್ಟು ನೀರು 225 ಲೀಟರ್. 640 ಗ್ರಾಂ ಸಾರಜನಕ ಅಷ್ಟರಲ್ಲೇ ಕರಗಿದರೆ ಲೀಟರ್‌ಗೆ 2,800 ಮಿ.ಗ್ರಾಂ ಆಗುತ್ತದೆ. ಆ ಉಪ್ಪು ಜೀವಿಯ ಒಳಗಿನ ನೀರನ್ನೇ ಎಳೆದು ಅದರ ಕೆಲಸವನ್ನು ತಗ್ಗಿಸುತ್ತದೆ. ಒಳ್ಳೆಯದಾಗಲಿ ಎಂದು ಸುರಿದ ಗೊಬ್ಬರವೇ ಕೆಲಸ ಕೆಡಿಸಿದ ಜಾಗಗಳು ಬಹಳ. ಜೊತೆಗೆ ಉಳಿದ ನೈಟ್ರೇಟ್ ಬಸಿದು ಅಂತರ್ಜಲ ಸೇರಬಹುದು.

ನಾಲ್ಕು ಕಂತು ಮಾಡಿ. ಮೊದಲ ಕಂತು ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಮಗುಚಿ. ಮೂರು-ನಾಲ್ಕು ವಾರಕ್ಕೊಮ್ಮೆ ಲಭ್ಯ ಸಾರಜನಕ ನೋಡಿ, ಅದು ಇಳಿದಿದ್ದರೆ ಮಾತ್ರ ಮುಂದಿನ ಕಂತು. ಯೂರಿಯಾ ಮೊದಲು ಪಿಎಚ್ ಏರಿಸಿ, ಆಮೇಲೆ ನೈಟ್ರೇಟ್ ಆಗುವಾಗ ಇಳಿಸುತ್ತದೆ. ಹಾಗಾಗಿ ಪ್ರತಿ ಕಂತಿನ ನಂತರ ಪಿಎಚ್ ಮತ್ತೆ ಅಳೆಯಬೇಕು.

## ಹಂತ 8: ಬಿಸಿ, ಚಳಿ

10ರಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಕೆಲಸ ನಡೆಯುತ್ತದೆ. ಈ ವ್ಯಾಪ್ತಿಯಲ್ಲಿ ಮಣ್ಣಿನ ಉಷ್ಣತೆ 10 ಡಿಗ್ರಿ ಇಳಿದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಚಳಿಯಲ್ಲಿ ಎಣ್ಣೆಯೂ ಗಟ್ಟಿಯಾಗಿ ಜೀವಿಗಳ ಕೈಗೆ ಸಿಗುವುದು ಕಷ್ಟ. ಚಳಿಗೆ ಹೊಂದಿಕೊಂಡ ಜೀವಿಗಳೂ ಇವೆ: 2010ರ ಡೀಪ್‌ವಾಟರ್ ಹೊರೈಜನ್ ಎಣ್ಣೆ ಸೋರಿಕೆ ದುರಂತದಲ್ಲಿ ಸಮುದ್ರದ ಆಳದ ಸುಮಾರು 5 ಡಿಗ್ರಿ ನೀರಿನಲ್ಲೂ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಿದ್ದವು. ಆದರೂ ನಿಮ್ಮ ಯೋಜನೆಯನ್ನು ಬಿಸಿ ತಿಂಗಳುಗಳ ಮೇಲೆ ಕಟ್ಟಿ. ಚಳಿಗಾಲಕ್ಕೆ ಕಪ್ಪು ಹೊದಿಕೆ ಹಾಕಬಹುದು, ಗಾಳಿ ಆಡಲು ಅಂಚು ಬಿಡಿ. ಮೇಲ್ಮೈಯ ಬಿಸಿ ಮೋಸ ಮಾಡುತ್ತದೆ, ಥರ್ಮಾಮೀಟರ್ 20 ಸೆಂ.ಮೀ. ಆಳಕ್ಕೆ ಇಳಿಯಲಿ.

## ಹಂತ 9: ಕೆಲಸ ನಡೆಯುತ್ತಿದೆಯೇ?

ಪೈಪಿನ ತುಂಡನ್ನು ಹಾಸಿನೊಳಗೆ ಹೂತು, ಮೇಲಿನ ಬಾಯಿ ಮುಚ್ಚಿ, ಒಳಗಿನ ಗಾಳಿಯ ಆಮ್ಲಜನಕ ಅಳೆಯಿರಿ. ಹೊರಗಿನ ಗಾಳಿಯಲ್ಲಿ 21 ಶೇಕಡಾ ಇರುತ್ತದೆ. ಮಗುಚಿದ ಮೇಲೆ ಕೆಲವು ದಿನಗಳಲ್ಲಿ ಅದು ಇಳಿಯುತ್ತಾ ಬಂದರೆ, ಇಂಗಾಲದ ಡೈಆಕ್ಸೈಡ್ ಏರಿದರೆ, ಜೀವಿಗಳು ಉಣ್ಣುತ್ತಿವೆ. 5 ಶೇಕಡಾಕ್ಕಿಂತ ಕೆಳಗೆ ಹೋಗಲು ಬಿಡಬೇಡಿ, ಅದಕ್ಕೂ ಮೊದಲೇ ಮಗುಚಿ. ದಿನಗಟ್ಟಲೆ 21ರಲ್ಲೇ ನಿಂತಿದ್ದರೆ ಗಾಳಿ ಇದೆ, ಉಸಿರಾಡುವವರಿಲ್ಲ. ಆಗ ತೇವ, ಗೊಬ್ಬರ, ವಿಷ ಈ ಕ್ರಮದಲ್ಲಿ ಹುಡುಕಿ.

ವಾಸನೆ ಕಮ್ಮಿಯಾದದ್ದನ್ನು ನಂಬಬೇಡಿ. ಹಗುರ ಭಾಗ ಹಾರಿಹೋದರೂ ವಾಸನೆ ಇಳಿಯುತ್ತದೆ. ತಿಂದದ್ದೋ ಹಾರಿದ್ದೋ ತಿಳಿಯಲು ಪ್ರಯೋಗಾಲಯಕ್ಕೆ ಒಂದು ಅನುಪಾತ ಕೇಳಬಹುದು: 17 ಇಂಗಾಲದ ನೇರ ಸರಪಳಿಗೂ ಪ್ರಿಸ್ಟೇನ್‌ಗೂ, 18ರದ್ದಕ್ಕೂ ಫೈಟೇನ್‌ಗೂ (ಪ್ರಿಸ್ಟೇನ್, ಫೈಟೇನ್ ಎರಡೂ ಕವಲಿರುವ ಹೈಡ್ರೋಕಾರ್ಬನ್). ಪ್ರತಿ ಜೋಡಿಯೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಆವಿಯಾಗುತ್ತದೆ. ಆದರೆ ಬ್ಯಾಕ್ಟೀರಿಯಾ ನೇರ ಸರಪಳಿಯನ್ನು ಮೊದಲು ತಿನ್ನುತ್ತದೆ, ಕವಲಿನದ್ದನ್ನು ಆಮೇಲೆ. ಅನುಪಾತ ಇಳಿದರೆ ಅದು ಜೀವಿಗಳದ್ದೇ ಕೆಲಸ.

ಇನ್ನು ಕಣ್ಣು ಮೂಗಿಗೆ ತಿಳಿಯುವ ಎಚ್ಚರಿಕೆಗಳು. ಕೊಳೆತ ಮೊಟ್ಟೆಯ ವಾಸನೆ, ಮಣ್ಣಿನೊಳಗೆ ಕಪ್ಪು ಪಟ್ಟೆ ಕಂಡರೆ ಆಮ್ಲಜನಕ ಮುಗಿದು ಸಲ್ಫೇಟ್ ಉಸಿರಾಡುವ ಜೀವಿಗಳು ಕೆಲಸ ಕೈಗೆತ್ತಿಕೊಂಡಿವೆ. ತಕ್ಷಣ ಗಾಳಿ ಕೊಡಿ. ಕಣ್ಣು ಉರಿಸುವ ಅಮೋನಿಯಾ ವಾಸನೆ ಬಂದರೆ ಯೂರಿಯಾ ಜಾಸ್ತಿಯಾಗಿದೆ ಅಥವಾ ಪಿಎಚ್ ಏರಿದೆ. ಒಣಗಿದ ಮೇಲ್ಮೈಯಲ್ಲಿ ಬಿಳಿ ಪುಡಿ ಕಂಡರೆ ಉಪ್ಪು ಸೇರಿದೆ, ಮುಂದಿನ ಕಂತು ತಡೆಯಿರಿ.

## ಹಂತ 10: ಅರ್ಧದಲ್ಲಿ ನಿಂತರೆ

ಮೊದಲ ಕೆಲವು ವಾರ ಟಿಪಿಎಚ್ ಜೋರಾಗಿ ಇಳಿದು, ಆಮೇಲೆ ಇಳಿಕೆ ನಿಂತಂತಾಗುವುದು ಸಹಜ. ಸುಲಭದ ಭಾಗ ಮುಗಿದಿರುತ್ತದೆ. ಉಳಿದದ್ದು ಗಟ್ಟಿ ಅಣುಗಳು ಅಥವಾ ಮಣ್ಣಿನ ಕಣದ ಒಳಸಂದಿಗೆ ಸೇರಿ ಜೀವಿಗಳಿಗೆ ಎಟುಕದ ಎಣ್ಣೆ. ಇಲ್ಲಿ ಗಾಬರಿಯಾಗಿ ಮತ್ತೆ ಗೊಬ್ಬರ ಸುರಿಯುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಮೊದಲು ಆಮ್ಲಜನಕ, ಹಸಿ, ಪಿಎಚ್, ಲಭ್ಯ ಸಾರಜನಕ ನಾಲ್ಕನ್ನೂ ಮತ್ತೆ ಅಳೆಯಿರಿ. ನಾಲ್ಕೂ ಸರಿಯಿದ್ದರೆ ಹೆಂಟೆ ಒಡೆದು, ಮಗುಚಿ, ಕಾಯುವುದೇ ದಾರಿ. ಸೋಪಿನಂಥ ವಸ್ತು ಹಾಕಿ ಎಣ್ಣೆ ಬಿಡಿಸುವ ಸಲಹೆ ಸಿಗುತ್ತದೆ. ತಳದಲ್ಲಿ ಹಾಳೆ ಇಲ್ಲದ ಕಡೆ ಅದನ್ನು ಮಾಡಲೇಬೇಡಿ, ಬಿಡಿಸಿದ ಎಣ್ಣೆ ನೇರ ಕೆಳಗಿಳಿಯುತ್ತದೆ. ಶೇಕಡಾ 95ಕ್ಕಿಂತ ಜಾಸ್ತಿ ಇಳಿಸುವುದು ಈ ವಿಧಾನದಲ್ಲಿ ತುಂಬಾ ಕಷ್ಟ, ಗುರಿ ಇಡುವಾಗ ಅದು ನೆನಪಿರಲಿ.

## ಹಂತ 11: ಮುಗಿಸುವುದು

ನಿಯಮದಲ್ಲಿ ಹೇಳಿದ ಮಿತಿಗಿಂತ ಟಿಪಿಎಚ್ ಕೆಳಗೆ ಬಂದರೆ ಒಂದೇ ವರದಿ ನೋಡಿ ಮಣ್ಣು ತುಂಬಬೇಡಿ. ಕೆಲವು ವಾರ ಬಿಟ್ಟು ಎರಡನೇ ಸಲ ಮಾದರಿ ತೆಗೆಯಿರಿ, ಈ ಸಲ ಹಾಸಿನ ಮೂಲೆ ಮತ್ತು ತಳದಿಂದ, ಯಾಕೆಂದರೆ ಮಗುಚುವಾಗ ತಪ್ಪಿಸಿಕೊಳ್ಳುವ ಜಾಗ ಅವೇ. ಉಪ್ಪಿನಂಶ, ನೈಟ್ರೇಟ್ ಕೂಡ ನೋಡಿ. ನಂತರ ಆ ಮಣ್ಣಿನಲ್ಲಿ ಮತ್ತು ಒಳ್ಳೆಯ ಮಣ್ಣಿನಲ್ಲಿ ಒಂದೇ ಬೀಜ ಬಿತ್ತಿ ಮೊಳಕೆ ಎಣಿಸಿ. ಎರಡರಲ್ಲೂ ಹೆಚ್ಚುಕಡಿಮೆ ಸಮ ಬಂದರೆ ಮಣ್ಣನ್ನು ಹಿಂದಿರುಗಿಸಬಹುದು. ಗುಂಡಿಯಲ್ಲಿ ಸೇರಿದ ಬಸಿ ನೀರನ್ನೂ ಪರೀಕ್ಷೆ ಮಾಡಿಸಿದ ಮೇಲೆಯೇ ಹೊರಗೆ ಬಿಡಬೇಕು.